ಅಪ್‌ಡೇಟ್ ಒತ್ತಿದವಳು ನಾನು

ಗೆಳೆಯರೇ, ನಮ್ಮ ಮದುವೆಯ ವಿಡಿಯೊ ಉಳಿಯಿತು! ಅದು ಇದ್ದದ್ದು ನನ್ನವರು ಬಿಡಿಭಾಗ ಜೋಡಿಸಿ ಮನೆಯಲ್ಲೇ ಮಾಡಿದ ಮ್ಯಾಕ್‌ನಲ್ಲಿ, ಅಂದರೆ ಹ್ಯಾಕಿಂಟಾಷ್‌ನಲ್ಲಿ. “ಅಪ್‌ಡೇಟ್ ಮಾತ್ರ ಒತ್ತಬ್ಯಾಡ” ಎಂದಿದ್ದರು. ಇಂದು ಹತ್ತು ಗಂಟೆಗೆ ಒತ್ತಿದೆ. ಆಮೇಲೆ ಅದು ಏಳಲೇ ಇಲ್ಲ.

ಮಧ್ಯಾಹ್ನ ಊಟಕ್ಕೆ ಬಂದ ನನ್ನವರಿಗೆ ಹೆದರಿ, “ಅತ್ತಿಯವರು ಕಸಾ ಹೊಡಿವಾಗ ವೈರ್ ಕಿತ್ತಿರಬೇಕ್ರಿ” ಎಂದುಬಿಟ್ಟೆ.

ಬೆಳಗಿನ ಗಾಡಿಗೆ ಭಾಲ್ಕಿಗೆ ಹೋಗಿದ್ದ ಅತ್ತೆಗೆ ಸ್ಪೀಕರ್ ಹಾಕಿ ಫೋನ್ ಮಾಡಿದರು. “ಹೌದಪ್ಪಾ, ನನ್ನ ಕೈಯೇ ತಾಕಿರಬೇಕು. ಆಕಿಗೇನೂ ಅನಬ್ಯಾಡ” ಎಂದರು ಅತ್ತೆ.

ನನ್ನವರು ಪೆನ್‌ಡ್ರೈವ್ ಹಾಕಿ ಕಂಪ್ಯೂಟರ್ ಎಬ್ಬಿಸಿದಾಗ, ಅಪ್‌ಡೇಟ್ ಶುರುವಾದ ಹೊತ್ತು ಪರದೆಯ ಮೇಲೆ ಕಂಡಿತು. “ಹತ್ತಕ್ಕ ಅವ್ವ ಭಾಲ್ಕಿಯಾಗಿದ್ಳಲ್ಲ?” ಎಂದರು.

ಕಾನ್ವೆಂಟಿನಲ್ಲಿ ದಿನಕ್ಕೆ ಹತ್ತು ಸಲ ಸಾರಿ ಎಂದವಳಿಗೆ ಫೋನಿನಲ್ಲಿ ಅತ್ತೆಗೆ ಒಂದೂ ಹೇಳಲಾಗಲಿಲ್ಲ. ಅವರನ್ನು ಕರೆತರಲು ನಾನೇ ಸ್ಟೇಷನ್ನಿಗೆ ಹೋಗುತ್ತೇನೆ. ಭಾನುವಾರ, ಹೈದರಾಬಾದ್ ಪ್ಯಾಸೆಂಜರ್.