ಟೆಸ್ಟರಣ್ಣನ ಮನೆಯ ಬಿಸಿಲು

ನಮ್ಮ ಬೀದಿಯಲ್ಲಿ ಕರೆಂಟು ಹೋದರೆ ಉಳಿದವರೆಲ್ಲ ಇದ್ದಲ್ಲೇ ಕೂತು ಗೊಣಗುತ್ತಿದ್ದರು. ಎದುರು ಮನೆಯ ಯಜಮಾನ ಮಾತ್ರ ಊಟದ ತಟ್ಟೆಯ ಮುಂದಿದ್ದರೂ ಎದ್ದುಬಿಡುತ್ತಿದ್ದ. ತಾರಸಿಯ ಮೆಟ್ಟಿಲು ಹತ್ತುವ ಚಪ್ಪಲಿಯ ಸದ್ದು, ಮತ್ತೆ ಇಳಿಯುವ ಸದ್ದು, ಆಮೇಲೆ ಸೈಕಲ್ಲಿನ ಸ್ಟ್ಯಾಂಡು ಒದ್ದ ಸದ್ದು. ಅಷ್ಟು ಕೇಳಿಸಿತೆಂದರೆ ಎಲ್ಲೋ ಕಂಬದ ಮೇಲೆ ಕೆಲಸ ನಡೆದಿದೆ, ಇವನು ಹುಡುಕಿಕೊಂಡು ಹೊರಟ ಎಂದು ನಾನು ನನ್ನ ಜಗಲಿಯಲ್ಲೇ ಕೂತು ಹೇಳಿಬಿಡುತ್ತಿದ್ದೆ.

ಅವನು ನಿವೃತ್ತ ಲೈನ್‌ಮನ್. ತಂತಿಯಲ್ಲಿ ಕರೆಂಟಿದ್ದರೆ ದೀಪ ಹತ್ತುವ ಟೆಸ್ಟರನ್ನು ಸದಾ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಿರುವವನು. ಯಾರ ಮನೆಗೆ ಊಟಕ್ಕೆ ಹೋದರೂ ಕೈ ತೊಳೆಯುವ ಮೊದಲು ನಲ್ಲಿಯನ್ನು ಅಂಗೈಯ ಹಿಂಬದಿಯಿಂದ ಒಮ್ಮೆ ಸವರಿ, ಜುಮ್ಮೆನ್ನಲಿಲ್ಲವೆಂದು ಖಾತ್ರಿಯಾದ ಮೇಲೆ ತಿರುವುತ್ತಿದ್ದ. ಅದಕ್ಕೇ ಬೀದಿಯವರು ಅವನನ್ನು ಟೆಸ್ಟರಣ್ಣ ಎಂದರು. ಹೆಂಡತಿ ಟೇಲರಕ್ಕ. ಮುಂದಿನ ಕೋಣೆಯಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಗಂಡ ಕಂಬ ಹತ್ತಿ ಸಂಪಾದಿಸಿದಷ್ಟನ್ನೂ ಈಕೆ ಕೂತಲ್ಲೇ ಮಷೀನು ತುಳಿದು ಸಂಪಾದಿಸಿದಳೆಂದು ಬೀದಿಯಲ್ಲಿ ಮಾತು. ಅವನು ಅದನ್ನು ಅಲ್ಲಗಳೆದದ್ದನ್ನು ನಾನು ಕೇಳಿಲ್ಲ.

ತುಳಿದು ತುಳಿದು ಆಕೆಯ ಮೊಣಕಾಲುಗಳು ಸವೆದುಹೋದವು. ಎರಡು ಮಷೀನುಗಳಿಗೆ ಮೋಟಾರು ಕೂರಿಸಿದಳು, ಒಂದು ಭಾರಿ ಇಸ್ತ್ರಿಪೆಟ್ಟಿಗೆ ತಂದಳು, ಪಕ್ಕದ ಓಣಿಯ ಇಬ್ಬರು ಹೆಂಗಸರನ್ನು ಕೆಲಸಕ್ಕೆ ಸೇರಿಸಿಕೊಂಡಳು. ಕಾಲು ಬಚಾವಾಯಿತು, ಆದರೆ ಕರೆಂಟಿನ ಬಿಲ್ಲು ಬಿದಿರಿನಂತೆ ಬೆಳೆಯಿತು. ಹೊಲಿಗೆಯಲ್ಲಿ ಬಂದದ್ದನ್ನೆಲ್ಲ ಇಸ್ತ್ರಿಪೆಟ್ಟಿಗೆಯೇ ನುಂಗಿಹಾಕುತ್ತಿತ್ತು. ಹೀಗೇ ಆದರೆ ಆ ಹೆಂಗಸರನ್ನು ಬಿಡಿಸಿ, ಮೋಟಾರು ಕಳಚಿ, ತಾನು ಮತ್ತೆ ತುಳಿಯಬೇಕು ಎಂಬುದು ಆಕೆಗೆ ಗೊತ್ತಿತ್ತು. ಹಾಗಾಗಿ ಕೂಡಿಟ್ಟದ್ದನ್ನೆಲ್ಲ ಸುರಿದು ತಾರಸಿಯ ಮೇಲೆ ಸೋಲಾರ್ ಹಾಕಿಸಿದಳು. ಹಗಲು ಹುಟ್ಟಿದ ಕರೆಂಟು ಮೊದಲು ಮನೆಗೆ, ಮಿಕ್ಕದ್ದು ಬೀದಿಯ ತಂತಿಗೆ. ತಂತಿಗೆ ಕೊಟ್ಟಷ್ಟನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ.

ಸೋಲಾರ್ ಕೂರಿಸಲು ಬಂದ ತರುಣ ಎಲ್ಲ ಮುಗಿಸಿ, ಬೀದಿಯಲ್ಲಿ ಕರೆಂಟು ಹೋದರೆ ಇದೂ ನಿಂತುಹೋಗುತ್ತದೆ, ಎಷ್ಟೇ ಬಿಸಿಲಿದ್ದರೂ ಮನೆಯಲ್ಲಿ ದೀಪ ಹತ್ತುವುದಿಲ್ಲ ಎಂದು ಹೇಳಿದ. ನೆತ್ತಿಯ ಮೇಲೆ ಸೂರ್ಯನನ್ನು ಇಟ್ಟುಕೊಂಡು ಕತ್ತಲಲ್ಲಿ ಕೂರಬೇಕೇ ಎಂದು ಟೇಲರಕ್ಕ ಮುಖ ಸಿಂಡರಿಸಿದಳು. ತಂತಿ ರಿಪೇರಿಗೆ ಕಂಬ ಹತ್ತಿದವರಿಗೆ ಈ ಮನೆಯಿಂದ ಹೋದ ಕರೆಂಟು ಹೊಡೆಯಬಾರದಲ್ಲ, ಅದಕ್ಕೇ ಹಾಗೆ ಮಾಡಿದ್ದಾರೆ ಎಂದು ತರುಣ ವಿವರಿಸಿದ. ಅಲ್ಲಿಯವರೆಗೂ ಸುಮ್ಮನಿದ್ದ ಟೆಸ್ಟರಣ್ಣನ ಕಿವಿ ನೆಟ್ಟಗಾಯಿತು.

"ನಿಲ್ಲಿಸೋರು ಯಾರು?"

"ಯಾರೂ ಬೇಡ ಸರ್. ಅದೇ ತಿಳ್ಕೊಂಡು ನಿಂತ್ಕೊಳ್ಳತ್ತೆ."

"ತಿಳ್ಕೊಳ್ದಿದ್ರೆ?"

ತರುಣ ನಕ್ಕ. ಟೆಸ್ಟರಣ್ಣ ನಗಲಿಲ್ಲ. ಅವನ ನೆಮ್ಮದಿ ಕೆಟ್ಟದ್ದು ಆ ಗಳಿಗೆಯಲ್ಲೇ.

ಅದಕ್ಕೆ ಕಾರಣವಿತ್ತು. ಅವನು ಕೆಲಸದಲ್ಲಿದ್ದಾಗ ಒಮ್ಮೆ ಲೈನು ಬಂದ್ ಮಾಡಿಸಿಯೇ ಕಂಬ ಹತ್ತಿದ್ದ. ಯಾವುದೋ ಅಂಗಡಿಯವನು ಜನರೇಟರ್ ಹಚ್ಚಿ, ಮೇನ್ ಸ್ವಿಚ್ಚು ಇಳಿಸುವುದನ್ನು ಮರೆತಿದ್ದ. ಅಂಗಡಿಯ ಕರೆಂಟು ತಂತಿ ಹಿಡಿದು ಹಿಂದಕ್ಕೆ ಬಂದು ಇವನ ಮೊಣಕೈಯವರೆಗೆ ಕಚ್ಚಿತು. ಸೊಂಟಕ್ಕೆ ಬೆಲ್ಟು ಇದ್ದುದರಿಂದ ನೇತಾಡುತ್ತ ಉಳಿದ. ಅಂದಿನಿಂದ ಅವನ ಕೈಕೆಳಗೆ ಕಲಿತ ಪ್ರತಿಯೊಬ್ಬನಿಗೂ ಒಂದೇ ಪಾಠ: ಲೈನು ಸತ್ತಿದೆ ಎಂದು ಅಪ್ಪನೇ ಬಂದು ಆಣೆ ಹಾಕಿದರೂ ನಂಬಬೇಡ, ತಂತಿಗೆ ಸರಪಳಿ ಬಿಗಿದು ನೆಲಕ್ಕೆ ಇಳಿಬಿಡು, ಕದ್ದು ಬಂದ ಕರೆಂಟು ಮಣ್ಣು ಸೇರಲಿ, ಆಮೇಲೆ ಮುಟ್ಟು. ಅಂಥವನ ತಾರಸಿಯ ಮೇಲೆ ಈಗ ತನ್ನಷ್ಟಕ್ಕೇ ತಿಳಿದುಕೊಂಡು ನಿಲ್ಲುವ ಸೋಲಾರಿನ ಪೆಟ್ಟಿಗೆ ಕೂತಿತ್ತು.

ಹೀಗಾಗಿ ಕರೆಂಟು ಹೋದೊಡನೆ ಓಡಿಹೋಗಿ ಸೋಲಾರಿನ ಸ್ವಿಚ್ಚು ಇಳಿಸುವುದು, ಸೈಕಲ್ಲು ಹತ್ತಿ ಕೆಲಸದವರನ್ನು ಹುಡುಕುವುದು, ಕಂಬದ ಬುಡದಲ್ಲಿ ನಿಂತು ನಮ್ಮ ಮನೆಯಲ್ಲಿ ಸೋಲಾರಿದೆ ಕಣ್ರಪ್ಪಾ, ನೋಡಿಕೊಂಡು ಮುಟ್ಟಿ ಎಂದು ಕೂಗುವುದು ಅವನ ನಿತ್ಯದ ಉದ್ಯೋಗವಾಯಿತು. ಕೆಲಸದವರ ಮೇಸ್ತ್ರಿ ಇವನ ಹಳೆಯ ಶಿಷ್ಯನೇ. ಗಿಡ್ಡ ದೇಹದವನಾದ್ದರಿಂದ ಅವನನ್ನು ಎಲ್ಲರೂ ಕುಳ್ಳ ಎನ್ನುತ್ತಾರೆ. ಪಿಂಚಣಿ ಸಾಲದೆ ಅಣ್ಣ ಮತ್ತೆ ಡ್ಯೂಟಿಗೆ ಬಂದರು ಎಂದು ಕುಳ್ಳ ಮೊದಮೊದಲು ತಮಾಷೆ ಮಾಡಿದ. ಆಮೇಲಾಮೇಲೆ ಇವನ ಸೈಕಲ್ಲು ಕಂಡರೆ ಹುಡುಗರು ಮುಖ ಆ ಕಡೆ ತಿರುಗಿಸತೊಡಗಿದರು. ಇವನು ಅದನ್ನು ಗಮನಿಸುವ ಸ್ಥಿತಿಯಲ್ಲಿರಲಿಲ್ಲ.

ಮನೆಗೆ ಬಂದ ಮೇಲಾದರೂ ಸಮಾಧಾನವುಂಟೇ? ಕರೆಂಟು ಬಂದಿರುತ್ತಿತ್ತು, ಮೋಟಾರುಗಳು ಗುಂಯ್‌ಗುಡುತ್ತಿದ್ದವು, ಆದರೆ ಇವನ ಕೈ ಸ್ವಿಚ್ಚು ಏರಿಸಲು ಒಪ್ಪುತ್ತಿರಲಿಲ್ಲ. ಮತ್ತೆ ಲೈನು ತೆಗೆದರೆ? ಇನ್ನೊಂದಿಷ್ಟು ಹೊತ್ತು ಕಾಯೋಣ ಎಂದು ಜಗಲಿಗೂ ಗೇಟಿಗೂ ಶತಪಥ ಹಾಕುತ್ತಿದ್ದ. ಧೈರ್ಯ ಬಂದು ಏರಿಸುವ ಹೊತ್ತಿಗೆ ಬಿಸಿಲು ಇಳಿದುಹೋಗಿರುತ್ತಿತ್ತು. ಮೊದಲ ತಿಂಗಳು ಕರೆಂಟು ಅಷ್ಟಾಗಿ ಹೋಗಿರಲಿಲ್ಲ, ಆಮೇಲೆ ದಿನಕ್ಕೊಮ್ಮೆಯಾದರೂ ಹೋಗುವ ಕಾಲ ಬಂತು.

ಮೊದಲ ಬಿಲ್ಲು ಇಳಿದು ಬಂದಾಗ ಟೇಲರಕ್ಕ ಅದನ್ನು ಮಗುವಿನ ಫೋಟೋ ತೋರಿಸುವಂತೆ ನಮ್ಮ ಮನೆಗೂ ತಂದು ತೋರಿಸಿದ್ದಳು. ಮುಂದಿನದು ಏರಿತು. ಅದರ ಮುಂದಿನದು ಇನ್ನೂ ಏರಿತು. ಆಕೆ ಧೂಳನ್ನು ಶಂಕಿಸಿದಳು, ಪಾರಿವಾಳಗಳನ್ನು ಶಂಕಿಸಿದಳು, ನಮ್ಮ ಮನೆಯ ನೀರಿನ ಟ್ಯಾಂಕಿನ ನೆರಳನ್ನೂ ಶಂಕಿಸಿ ನನ್ನನ್ನು ಎರಡು ದಿನ ಮಾತಾಡಿಸಲಿಲ್ಲ. ಆ ಮೊಣಕಾಲಿನಲ್ಲೇ ಒಂದೊಂದು ಮೆಟ್ಟಿಲಿಗೂ ಉಸ್ಸೆನ್ನುತ್ತ ಬಕೆಟ್ಟು ಹೊತ್ತು ಹತ್ತಿ ಸೋಲಾರಿನ ಹಲಗೆಗಳನ್ನು ಒರೆಸುತ್ತಿದ್ದಳು. ಟೆಸ್ಟರಣ್ಣ ಹಿಂದೆಯೇ ಹೋಗಿ ಬಕೆಟ್ಟು ಕಸಿದುಕೊಂಡು ತಾನೇ ಒರೆಸುತ್ತಿದ್ದ. ಹೇಳಬೇಕೆಂದು ಬಾಯಿ ತೆರೆಯುವುದು, ಮತ್ತೆ ಮುಚ್ಚುವುದು. ಒಂದು ಸಂಜೆ ಆಕೆ ಕೆಲಸದ ಹೆಂಗಸರಿಗೆ, ಮುಂದಿನ ತಿಂಗಳಿಂದ ಬೇರೆ ಕಡೆ ನೋಡಿಕೊಳ್ಳಿ ಎಂದು ಹೇಳಿ, ಮೋಟಾರಿನ ಬೆಲ್ಟು ಕಳಚಲು ಸ್ಕ್ರೂಡ್ರೈವರ್ ಹುಡುಕತೊಡಗಿದಳು. ಅವನು ಸ್ಕ್ರೂಡ್ರೈವರನ್ನು ಎಲ್ಲೋ ಬಚ್ಚಿಟ್ಟ.

ಮರುದಿನ ಮಧ್ಯಾಹ್ನ ಆಕೆ ಒಗೆದ ಬಟ್ಟೆ ತೆಗೆಯಲು ತಾರಸಿಗೆ ಹೋದಳು. ಕರೆಂಟು ಬಂದು ಬಹಳ ಹೊತ್ತಾಗಿತ್ತು. ಸುಡುಬಿಸಿಲು. ಆದರೂ ಪೆಟ್ಟಿಗೆಯ ಮೇಲಿನ ಹಸಿರು ದೀಪ ಆರಿತ್ತು. ಬಗ್ಗಿ ನೋಡಿದರೆ ಸ್ವಿಚ್ಚು ಕೆಳಗಿತ್ತು. ಆ ಸ್ವಿಚ್ಚು ಮುಟ್ಟುವವರು ಮನೆಯಲ್ಲಿ ಇನ್ನಾರಿದ್ದಾರೆ?

ಆಕೆ ಕೂಗಾಡಿದ್ದರೆ ನನಗೆ ಕೇಳಿಸುತ್ತಿತ್ತು. ಕೂಗಾಡಲಿಲ್ಲ. ಕೆಳಗಿಳಿದು ಬಂದು ಗೇಟಿನ ಬಳಿ ಅಡ್ಡಾಡುತ್ತಿದ್ದ ಗಂಡನ ಮುಂದೆ ನಿಂತಳು. ನಾನು ಜಗಲಿಯಲ್ಲೇ ಇದ್ದೆ.

"ನಾನು ಪಾರಿವಾಳಕ್ಕೆ ಬೈದೆ, ಎದುರುಮನೆಯವ್ರಿಗೆ ಬೈದೆ. ಕಳ್ಳ ನನ್ನ ಪಕ್ಕದಲ್ಲೇ ಮಲ್ಗಿದ್ದ."

"ಕಂಬದ ಮೇಲಿರೋ ಹುಡುಗ್ರು ಕಣೇ. ಹೆಚ್ಚುಕಮ್ಮಿ ಆದ್ರೆ ಅವರ ಮನೆಯವ್ರಿಗೆ ಯಾವ ಮುಖ ತೋರಿಸ್ಲಿ?"

"ನನ್ನ ಕಾಲು ನೋಡ್ತಾ ಇದ್ದೀರಲ್ಲ ದಿನಾ, ಅದಕ್ಕೆ ಯಾವ ಮುಖ ತೋರಿಸ್ತಿದ್ರಿ?"

ಸೋಲಾರನ್ನು ಬಿಚ್ಚಿ ಮಾರಿಬಿಡೋಣ, ತಾನು ಎಲ್ಲಾದರೂ ಕಾವಲು ಕೆಲಸಕ್ಕೆ ಹೋಗುತ್ತೇನೆ, ಬಿಲ್ಲು ತಾನೇ ಕಟ್ಟುತ್ತೇನೆ ಎಂದು ಅವನು ಏನೇನೋ ಬಡಬಡಿಸಿದ. ಆಕೆ ಮಾತು ಬೆಳೆಸದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಎರಡು ದಿನ ಬಿಟ್ಟು ನಮ್ಮ ಬೀದಿಯ ಕಂಬದಲ್ಲೇ ಕೆಲಸ ಬಂತು. ಲೈನು ತೆಗೆದರು. ಟೆಸ್ಟರಣ್ಣ ಎಂದಿನಂತೆ ಮೆಟ್ಟಿಲಿಗೆ ಓಡಿದ. ನೋಡಿದರೆ ಕೊನೆಯ ಮೆಟ್ಟಿಲ ಮೇಲೆ ಹೆಂಡತಿ ಕಾಲು ನೀಡಿಕೊಂಡು ಕೂತಿದ್ದಳು. ದಾಟಿ ಹೋಗಲು ಜಾಗವಿಲ್ಲ. ಕೆಲಸ ಶುರುವಾಗುವ ಮೊದಲೇ ಹೋಗಿ ಕುಳ್ಳನನ್ನು ಕರೆದು ಬಂದಿದ್ದಳು. ಅವನೂ ಆಗಲೇ ಗೇಟು ದಾಟಿ ಒಳಗೆ ಬಂದ. ನನ್ನನ್ನೂ ಸಾಕ್ಷಿಗೆ ಕೂಗಿದರು.

ಸ್ವಿಚ್ಚು ಮೇಲೆಯೇ ಇತ್ತು. ಬಿಸಿಲು ಕೆಂಡವಾಗಿತ್ತು. ಕುಳ್ಳ ಮೀಟರಿನ ಬಳಿ ಬೀದಿಯಿಂದ ಬರುವ ತಂತಿಗೆ ತನ್ನ ಟೆಸ್ಟರ್ ಹಚ್ಚಿದ. ಹತ್ತಲಿಲ್ಲ. ಟೆಸ್ಟರಣ್ಣ ಅದು ಕೆಟ್ಟಿರಬೇಕೆಂದು ತನ್ನದನ್ನು ಕೊಟ್ಟ. ಅದೂ ಹತ್ತಲಿಲ್ಲ. ಇನ್ನೊಮ್ಮೆ ಹಚ್ಚಿಸಿದ, ಮತ್ತೊಮ್ಮೆ ಹಚ್ಚಿಸಿದ. ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. ಇವತ್ತು ನಿಂತಿದೆ, ನಾಳೆ ನಿಲ್ಲುತ್ತದೆಂದು ಏನು ಗ್ಯಾರಂಟಿ ಎಂದ.

ಕುಳ್ಳ ಟೆಸ್ಟರನ್ನು ಅವನ ಕೈಗೆ ವಾಪಸು ಕೊಟ್ಟ. ಕುಳ್ಳನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಗ್ಯಾರಂಟಿ ಇಲ್ಲ ಅಣ್ಣ. ಅದಕ್ಕೇ ತಾನೆ ಸರಪಳಿ ಬಿಗೀತೀವಿ? ಅಲ್ಲಿ ನೋಡಿ, ಕಂಬದ ಮೇಲಿರೋ ಆ ಹುಡುಗ ತನ್ನ ಎರಡೂ ಕಡೆ ಸರಪಳಿ ಬಿಗಿದು ಕೂತಿದ್ದಾನೆ. ಕಲಿಸಿದ್ದು ನೀವೇ. ನಿಮ್ಮ ಪೆಟ್ಟಿಗೆ ಸುಳ್ಳು ಹೇಳಿದ್ರೂ ನಮಗೇನೂ ಆಗಲ್ಲ. ಪೆಟ್ಟಿಗೆ ನಂಬಬೇಡಿ, ಬಿಡಿ. ನಮ್ಮನ್ನೂ ನಂಬಲ್ವಾ? ನೀವು ಬುಡದಲ್ಲಿ ನಿಂತು ಕೂಗಿದಾಗೆಲ್ಲ, ಇವರಿಗೆ ಕೆಲಸ ಬರಲ್ಲ ಅಂತ ಬೀದಿಗೇ ಸಾರಿದ ಹಾಗಾಗತ್ತೆ."

ಟೆಸ್ಟರಣ್ಣ ಕಂಬದ ಕಡೆ ನೋಡಿದ. ತಂತಿಯಿಂದ ಸರಪಳಿ ಇಳಿಬಿದ್ದು ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಸೇರಿತ್ತು. ಇಷ್ಟು ದಿನ ಅವನ ಕಣ್ಣು ಅದರ ಮೇಲೆ ಬಿದ್ದಿರಲೇ ಇಲ್ಲವೇನೋ. ತನ್ನ ತಾರಸಿಯ ಪೆಟ್ಟಿಗೆಯೊಂದೇ ಅವನ ಕಣ್ಣು ತುಂಬಿಕೊಂಡಿತ್ತು. ಸರಪಳಿಯ ಬುಡದ ಗೂಟ ಇನ್ನಷ್ಟು ಆಳಕ್ಕೆ ಹೋಗಬೇಕಿತ್ತು ಎಂದಷ್ಟೇ ಹೇಳಿದ. ಕುಳ್ಳ ಹೂಂ ಅಣ್ಣ ಎಂದು ಹೋಗಿ ಗೂಟಕ್ಕೆ ಇನ್ನೆರಡು ಏಟು ಹಾಕಿಸಿದ.

ಅದಾದ ಮೇಲೆ ಅವನು ಪೂರ್ತಿ ಶಾಂತನಾದ ಎಂದು ಬರೆದರೆ ಬೀದಿಯವರು ನಗುತ್ತಾರೆ. ಮುಂದಿನ ಬಾರಿ ಕರೆಂಟು ಹೋದಾಗ ಆಕೆ ಅವನನ್ನು ಹಿಡಿದು ಕೂರಿಸಿ, ಮಡಿಲಿಗೆ ಅಂಗಿಗಳ ರಾಶಿ ಹಾಕಿ, ಗುಂಡಿ ಹೊಲಿಯಲು ಹೇಳಿದಳು. ಒಂದು ಗುಂಡಿ ಹೊಲಿದ, ಎದ್ದು ಬಾಗಿಲಿಗೆ ಹೋದ, ಬಂದು ಕೂತ. ಇನ್ನೊಂದು ಹೊಲಿದ, ಸೂಜಿ ಚುಚ್ಚಿಕೊಂಡ, ಮತ್ತೆ ಎದ್ದ. ಮೋಟಾರು ನಿಂತಿದ್ದರಿಂದ ಬಿಡುವಾಗಿ ಕೂತಿದ್ದ ಹೆಂಗಸರಿಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅವರನ್ನು ಬೇರೆ ಕಡೆ ನೋಡಿಕೊಳ್ಳಿ ಎಂದದ್ದನ್ನು ಟೇಲರಕ್ಕ ಆಗಲೇ ಹಿಂದಕ್ಕೆ ತೆಗೆದುಕೊಂಡಿದ್ದಳು.

ಅವನು ಮೂರನೆಯ ಸಲ ಎದ್ದಾಗ ಟೇಲರಕ್ಕ ಕತ್ತರಿಸುತ್ತಿದ್ದ ಬಟ್ಟೆಯಿಂದ ತಲೆಯೆತ್ತಲಿಲ್ಲ.

"ಹೋಗ್ಬೇಕು ಅನ್ಸಿದ್ರೆ ಹೋಗಿ ಬನ್ನಿ. ಮೇಲಕ್ಕೆ ಮಾತ್ರ ಹೋಗ್ಬೇಡಿ."

ಅವನು ಚಪ್ಪಲಿ ಮೆಟ್ಟಿದ. ತಾರಸಿಯ ಮೆಟ್ಟಿಲ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಸೈಕಲ್ಲು ತೆಗೆದುಕೊಂಡು, ಹತ್ತದೆ, ತಳ್ಳಿಕೊಂಡೇ ಬೀದಿಯ ತುದಿಗೆ ನಡೆದ. ನಾನು ನೋಡುತ್ತಲೇ ಇದ್ದೆ. ಕಂಬಕ್ಕಿಂತ ಸಾಕಷ್ಟು ದೂರದಲ್ಲಿ ಸ್ಟ್ಯಾಂಡು ಹಾಕಿ, ಮೇಲಿದ್ದ ಹುಡುಗನನ್ನು ದಿಟ್ಟಿಸುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಿದ್ದ. ಬಾಯಿ ಎರಡು ಸಲ ತೆರೆಯಿತು. ಎರಡು ಸಲವೂ ಕೂಗದೆ ಮುಚ್ಚಿಕೊಂಡ.