ದುಡಿಯದವರಿಗೆ ಮಾತ್ರ ವೀಸಾ

ಇದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಎರಡು ಸಾವಿರದ ಒಂದೋ ಎರಡೋ, ಖಾತ್ರಿಯಿಲ್ಲ. ಆ ವರ್ಷದ ಡೈರಿ ಈಗಲೂ ನನ್ನ ಹತ್ತಿರ ಇದೆ, ಆದರೆ ಅದರಿಂದ ಹೆಚ್ಚು ಉಪಕಾರವಿಲ್ಲ. ಒಂದು ಪುಟದಲ್ಲಿ ಇಷ್ಟೇ ಇದೆ: "ಜಿಟಿಜಿಟಿ ಮಳೆ. ವೀಸಾ. ಅತ್ತಿ ಊಟ ಮಾಡಲಿಲ್ಲ." ನನ್ನ ನೆನಪಿನಲ್ಲಾದರೆ ಆ ದಿನ ರಣರಣ ಬಿಸಿಲು. ಮಳೆಯ ವಿಷಯದಲ್ಲಿ ಡೈರಿಯನ್ನು ನಂಬುತ್ತೇನೆ, ಉಳಿದದ್ದಕ್ಕೆ ನನ್ನನ್ನೇ ನಂಬಬೇಕು, ಬೇರೆ ದಾರಿಯಿಲ್ಲ.

ಆಗ ನಾನು ಧಾರವಾಡದ ಮಾಳಮಡ್ಡಿಯಲ್ಲಿ ಅತ್ತಿಯ ಮನೆಯಲ್ಲಿದ್ದೆ. ಅತ್ತಿ ಎಂದರೆ ಅಪ್ಪನ ಅಕ್ಕ. ಮದುವೆ ಮಾಡಿಕೊಳ್ಳದೆ ಮಿಶನ್ ಸಾಲೆಯಲ್ಲಿ ಮೂವತ್ತು ವರ್ಷ ಕಲಿಸಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಿಯಾದವಳು. ಆಕೆಗೆ ಕಂಡರಾಗದ ಪಾಪಗಳು ಎರಡೇ, ಸುಳ್ಳು ಮತ್ತು ಸೋಮಾರಿತನ. ಮೊದಲನೆಯದನ್ನು ದೇವರು ಕ್ಷಮಿಸಬಹುದು, ಎರಡನೆಯದಕ್ಕೆ ದೇವರಿಗೂ ಪುರುಸೊತ್ತಿಲ್ಲ ಎನ್ನುತ್ತಿದ್ದಳು. ನಾನು ಎಂ.ಎ. ಮುಗಿಸಿ ವರ್ಷವಾಗಿತ್ತು. ಮುಂಜಾನೆ ಪಡಸಾಲೆಯ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತರೆ ಮಧ್ಯಾಹ್ನವಾದರೂ ಅದೇ ಕುರ್ಚಿ, ಅದೇ ಪೇಪರ್.

ಆ ವರ್ಷ ಚರ್ಚಿನ ಪರಿಚಯದ ಮೇಲೆ ಜರ್ಮನಿಯಿಂದ ಒಬ್ಬ ಹುಡುಗಿ ನಮ್ಮ ಮನೆಗೆ ಬಂದಳು. ಹುಡುಗಿ ಎಂದೆ, ಆಕೆಗೆ ಮೂವತ್ತು ದಾಟಿತ್ತು. ಆಕೆಯ ಅಜ್ಜಿ ಹುಟ್ಟಿದ್ದು ಧಾರವಾಡದ ಹಳೆಯ ಮಿಶನ್ ಬಂಗಲೆಯಲ್ಲಂತೆ. ಆ ಅಜ್ಜಿ ಇನ್ನೂ ಇದ್ದರು, ಹಾಸಿಗೆ ಹಿಡಿದಿದ್ದರು. ಅವರಿಗೆ ಒಂದೇ ಆಸೆ: ಮಗುವಾಗಿದ್ದಾಗ ಕೇಳಿದ ಇಲ್ಲಿಯ ಕ್ರಿಸ್‌ಮಸ್ ಗಂಟೆಯನ್ನು ಇನ್ನೊಮ್ಮೆ ಫೋನಿನಲ್ಲಾದರೂ ಕೇಳಬೇಕು. ಅದಕ್ಕೆ ಮೊಮ್ಮಗಳು ಆರು ತಿಂಗಳ ಪ್ರವಾಸಿ ವೀಸಾ ತೆಗೆದುಕೊಂಡು ಆಗಸ್ಟಿನಲ್ಲೇ ಬಂದಿದ್ದಳು. "ಕೇಳಸ್ತೀವಿ," ಎಂದು ಅತ್ತಿ ಆ ಅಜ್ಜಿಗೆ ಪತ್ರ ಬರೆದು ಮಾತು ಕೊಟ್ಟಳು.

ಪರದೇಶದವರನ್ನು ಮನೆಯಲ್ಲಿ ಇಳಿಸಿಕೊಂಡರೆ ಇಪ್ಪತ್ನಾಲ್ಕು ತಾಸಿನೊಳಗೆ ಪೊಲೀಸರಿಗೆ ಫಾರ್ಮ್ ಕೊಡಬೇಕು. ಅತ್ತಿ ಹತ್ತೇ ತಾಸಿನಲ್ಲಿ ಕೊಟ್ಟುಬಂದಳು, ಮೂರು ಪ್ರತಿ, ದುಂಡು ಅಕ್ಷರ.

ಬಂದಾಕೆ ಊರು ನೋಡಿದ್ದು ಮೂರು ದಿನ. ನಾಲ್ಕನೆಯ ದಿನ ಲ್ಯಾಪ್‌ಟಾಪ್ ತೆಗೆದು, ಇಂಟರ್ನೆಟ್ಟಿಗೆಂದು ನಮ್ಮ ಫೋನಿನ ವೈರು ಅದಕ್ಕೆ ಸಿಕ್ಕಿಸಿ, ಊಟದ ಮೇಜಿನ ಮುಂದೆ ಕೂತಳು. ಅದರೊಳಗಿಂದ ಬೆಕ್ಕಿನ ಬಾಲ ತುಳಿದಂಥ ಸದ್ದು ಬಂತು. ತನ್ನೂರಿನ ಯಾವುದೋ ಕಂಪನಿಗೆ ಆಕೆ ಬಟ್ಟೆ ಒಗೆಯುವ ಮಶಿನ್ನಿನ ಕೈಪಿಡಿಯನ್ನು ಇಂಗ್ಲಿಷಿನಿಂದ ಜರ್ಮನ್ನಿಗೆ ತರುತ್ತಿದ್ದಳು. ನಮ್ಮ ಮನೆಯಲ್ಲಿ ಇದ್ದದ್ದು ಒಗೆಯುವ ಕಲ್ಲು. ಆದರೂ ಅತ್ತಿಗೆ ಎಲ್ಲಿಲ್ಲದ ಹೆಮ್ಮೆ. ಈಕೆ ಇಲ್ಲಿ ಕೂತು ಬರೆದದ್ದನ್ನು ಓದಿ ಅಲ್ಲಿಯ ಮಂದಿ ಬಟ್ಟೆ ಒಗೆಯುತ್ತಾರೆ ಎಂದು ಓಣಿಯಲ್ಲೆಲ್ಲ ಹೇಳಿದಳು. ಹೇಳಿದಾಗಲೆಲ್ಲ ಕಣ್ಣು ಒಮ್ಮೆ ನನ್ನ ಬೆತ್ತದ ಕುರ್ಚಿಯ ಕಡೆ ಹೋಗಿ ಬರುತ್ತಿತ್ತು.

ಅಕ್ಟೋಬರಿನಲ್ಲಿ ವಿಚಾರಣೆಗೆಂದು ಒಬ್ಬ ಪೊಲೀಸ ಬಂದ. ಬಂದವನು ಅತ್ತಿಯ ಹಳೆಯ ವಿದ್ಯಾರ್ಥಿ. ಕೂಡಲು ಹೇಳಿದರೆ ಕೂಡಲೊಲ್ಲ, "ಇರ್ಲಿ ಬಿಡ್ರಿ ಅಕ್ಕಾರ" ಎಂದು ನಿಂತೇ ಚಹಾ ಕುಡಿದ. ಹೆಸರು, ಪಾಸ್‌ಪೋರ್ಟ್ ನಂಬರು ಎಲ್ಲ ಆದ ಮೇಲೆ ಕೊನೆಯ ಪ್ರಶ್ನೆ ಕೇಳಿದ, ಅವರು ದಿನಾ ಏನು ಮಾಡುತ್ತಾರೆ ಎಂದು. ಊರು ನೋಡುತ್ತಾಳೆ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಮನೆಗೆ ಬಂದವರ ಬಗ್ಗೆ ಯಾರಾದರೂ ಹಾಗೆ ಕೇಳಿದರೆ, "ಏನೂ ಮಾಡೂದಿಲ್ಲ" ಎನ್ನುವುದು ಆ ಅತಿಥಿಗೂ ಅವಮಾನ, ಮನೆಗೂ ಅವಮಾನ.

"ಏನ ಮಾಡ್ತಾಳ ಅಂತೀ?" ಎಂದಳು ಅತ್ತಿ. "ಮುಂಜಾನಿ ಎಂಟಕ್ಕ ಕುಂತರ ಸಂಜೀತನಾ ತಲಿ ಎತ್ತೂದಿಲ್ಲ. ದುಡಿಯೂದು ಅಂದ್ರ ಆಕಿನ್ನ ನೋಡಿ ಕಲೀಬೇಕು. ನಮ್ಮನ್ಯಾಗೂ ಒಂದೈತಿ ನೋಡು, ಪೇಪರ್ ಹಿಡಕೊಂಡು ಕುಂತದ್ದು."

ಸಾಲೆಯಲ್ಲಿ ಉಕ್ತಲೇಖನ ಬರೆದ ಹಾಗೆ ಆತ ಒಂದಕ್ಷರ ಬಿಡದೆ ಬರೆದುಕೊಂಡ.

ಎರಡು ದಿನಕ್ಕೆ ಪೊಲೀಸ್ ಆಫೀಸಿನಿಂದ ಕರೆ ಬಂತು. ಮೂವರೂ ಹೋದೆವು. ಅಧಿಕಾರಿ ಸಮಾಧಾನದ ಮನುಷ್ಯ. ಪ್ರವಾಸಿ ವೀಸಾ ಎಂದರೆ ತಿರುಗಾಡಬೇಕು, ನೋಡಬೇಕು, ಬೇಕಾದವರನ್ನು ಭೆಟ್ಟಿಯಾಗಬೇಕು, ದುಡಿಯುವಂತಿಲ್ಲ ಎಂದು ತಿಳಿಸಿ ಹೇಳಿದರು. ತಾನು ಬಂದದ್ದು ಅಜ್ಜಿಗೆ ಗಂಟೆ ಕೇಳಿಸಲು, ತನ್ನ ಕೆಲಸ ಇರುವುದು ಜರ್ಮನಿಯಲ್ಲಿ, ತಾನು ಮಾತ್ರ ಇಲ್ಲಿದ್ದೇನೆ, ಇಲ್ಲಿ ಯಾರ ಕೆಲಸವನ್ನೂ ಕಸಿದುಕೊಂಡಿಲ್ಲ ಎಂದು ಅತಿಥಿ ಅಂದಳು. ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತ ಯೋಚಿಸಿದರು.

"ಕೈ ಇಲ್ಲೈತಿ, ಪಗಾರ ಅಲ್ಲೈತಿ. ಹಂಗಂದ್ರ ಕೆಲಸ ಎಲ್ಲಿ ನಡದೈತ್ರಿ?"

ಇದಕ್ಕೆ ಉತ್ತರ ಅವರ ನಿಯಮದ ಪುಸ್ತಕದಲ್ಲೂ ಇರಲಿಲ್ಲವಂತೆ. ಕೊನೆಗೆ, ಅತಿಥಿ ಏನು ಮಾಡುತ್ತಾಳೆಂದು ಮನೆಯವರೇ ಸೋಮವಾರ ಬರೆದು ಕೊಡಲಿ ಎಂದರು. ದುಡಿಯುತ್ತಾಳೆ ಎಂದು ಬರೆದಿದ್ದರೆ ಮೇಲೆ ತಿಳಿಸಲೇಬೇಕು, ಮೇಲಿನವರು ದೇಶ ಬಿಡಿ ಎನ್ನಬಹುದು. ಕ್ರಿಸ್‌ಮಸ್ಸಿಗೆ ಇನ್ನೂ ಎರಡು ತಿಂಗಳಿತ್ತು.

ಮನೆಗೆ ಬಂದ ಮೇಲೆ ಅತ್ತಿ ಊಟಕ್ಕೆ ಏಳಲಿಲ್ಲ. "ನನ್ನ ಬಾಯಿಂದನ ಆ ಮುದಕಿ ಗಂಟಿ ತಪ್ಪತೈತಿ," ಎಂದಷ್ಟೇ ಅಂದಳು. ಏನೂ ಮಾಡುವುದಿಲ್ಲ ಎಂದು ಬರೆದು ಕೊಟ್ಟರಾಯಿತಲ್ಲ ಎಂದೆ ನಾನು.

"ಒಂದ ಸಾಲಿನ್ಯಾಗ ಎರಡು ಪಾಪ ಮಾಡಸ್ತಿಯೇನ? ಸುಳ್ಳಿಗೆ ಸುಳ್ಳೂ ಆತು, ದುಡಿಯಾಕಿನ್ನ ಮೈಗಳ್ಳಿ ಅಂದಂಗೂ ಆತು."

ಸೋಮವಾರದವರೆಗೆ ಲ್ಯಾಪ್‌ಟಾಪ್ ಮುಚ್ಚಿಡುವುದೆಂದಾಯಿತು. ಅತಿಥಿ ತನಗೆ ಸುಮ್ಮನೆ ಕೂಡುವುದನ್ನು ಕಲಿಸು ಎಂದು ನನ್ನನ್ನೇ ಕೇಳಿದಳು. ಜೀವಮಾನದಲ್ಲಿ ಮೊದಲ ಸಲ ಯಾರೋ ಒಬ್ಬರು ನನ್ನ ವಿದ್ಯೆಗೆ ಬೆಲೆ ಕೊಟ್ಟರು. ನನ್ನ ಕುರ್ಚಿ ಬಿಟ್ಟುಕೊಟ್ಟೆ, ಕಾಲು ಎಷ್ಟು ಚಾಚಬೇಕು, ಪೇಪರನ್ನು ಎಷ್ಟು ಹೊತ್ತಿಗೊಮ್ಮೆ ಮಗುಚಬೇಕು ಎಂದು ತೋರಿಸಿದೆ. ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ, ಒಳಗೆ ಹೋಗಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಎಳೆದು ತಂದು ಕೂಡಿಸಿದೆ. ಮತ್ತೆ ಎದ್ದಳು, ಈ ಸಲ ಕಿಟಕಿಯ ಧೂಳು ಒರೆಸಲು. ಸಂಜೆಯ ಹೊತ್ತಿಗೆ ಪಾಠ ಹೇಳಿ ಹೇಳಿ ನನಗೇ ದಣಿವಾಯಿತು. ಆ ಮನೆಯಲ್ಲಿ ಪ್ರವಾಸಿ ವೀಸಾಕ್ಕೆ ಯೋಗ್ಯಳಾಗಿದ್ದವಳು ನಾನೊಬ್ಬಳೇ, ನನಗೆ ಅದು ಬೇಕಿರಲಿಲ್ಲ.

ರವಿವಾರ ಚರ್ಚಿನಿಂದ ಬಂದು ಅತ್ತಿ ಕಾಗದ ಬರೆದಳು. ನಮಗೆ ಓದಿ ಹೇಳಲಿಲ್ಲ, ಲಕೋಟೆಗೆ ಅಂಟು ಹಚ್ಚಿಬಿಟ್ಟಳು.

ಮುಂದಿನದು ಡೈರಿಯಲ್ಲಿದೆ, ಆದ್ದರಿಂದ ಸ್ವಲ್ಪ ಧೈರ್ಯವಾಗಿ ಹೇಳುತ್ತೇನೆ. ಸೋಮವಾರದ ಪುಟ: "ಎಂಟಕ್ಕೆ ಎಬ್ಬಿಸಿದಳು. ಕಂಪ್ಯೂಟರ್. ಬೆನ್ನು ನೋವು." ಅತ್ತಿ ನನ್ನನ್ನು ಎಬ್ಬಿಸಿ, ಮುಖ ತೊಳೆಯುವಷ್ಟೂ ಬಿಡದೆ, ಅತಿಥಿಯ ಲ್ಯಾಪ್‌ಟಾಪಿನ ಮುಂದೆ ಕೂಡಿಸಿದ್ದಳು. ಯಾಕೆ ಎಂದರೆ ಹೇಳಲಿಲ್ಲ, ತಲೆ ಎತ್ತಬೇಡ ಎಂದಳು. ನಾನು ಅಲ್ಲಿದ್ದ ಕೈಪಿಡಿಯಿಂದ ಒಂದೂವರೆ ಪುಟವನ್ನು ಒಂದೇ ಬೆರಳಿನಿಂದ ಬಡಿದು, ಅದನ್ನೇ ಹಾಳೆಯ ಮೇಲೆ ಕನ್ನಡಕ್ಕೂ ತಂದೆ. ಅತಿಥಿಯನ್ನು ಬೆತ್ತದ ಕುರ್ಚಿಗೆ ಕಳಿಸಿ, ಏಳದಂತೆ ಅತ್ತಿ ಖುದ್ದು ಕಾವಲು ನಿಂತಳು. ಹತ್ತೂವರೆಗೆ ಮೂವರೂ ಆಟೋ ಹತ್ತಿದೆವು.

ಅಧಿಕಾರಿ ಕಾಗದ ಓದಿದರು. ಅತಿಥಿಯನ್ನು ಒಮ್ಮೆ ನೋಡಿದರು, ನನ್ನನ್ನು ಮಾತ್ರ ಬಹಳ ಹೊತ್ತು ನೋಡಿದರು. "ಇವರ ಏನ್ರಿ?" ಎಂದು ಅತ್ತಿಯನ್ನು ಕೇಳಿದರು. "ಹೂಂ, ಇಕಿನ," ಎಂದಳು ಅತ್ತಿ, ಕಣ್ಣು ಮಿಟುಕಿಸದೆ. ಅವರು ಸಣ್ಣಗೆ ನಕ್ಕು ಕಾಗದವನ್ನು ಫೈಲಿಗೆ ಸೇರಿಸಿ, ಅಜ್ಜಿಗೆ ನಮಸ್ಕಾರ ಹೇಳ್ರಿ ಎಂದು ಕಳಿಸಿದರು.

ಅತಿಥಿ ಉಳಿದಳು. ಕ್ರಿಸ್‌ಮಸ್ ದಿನ ಚರ್ಚಿನ ಪಕ್ಕದ ಪಾಸ್ಟರ ಮನೆಯ ಫೋನನ್ನು ಕಿಟಕಿಯಾಚೆ ಹಿಡಿದು ಗಂಟೆ ಕೇಳಿಸಿದೆವು. ಅಜ್ಜಿಗೆ ಗಂಟೆಗಿಂತ ಹೆಚ್ಚು ಕೇಳಿಸಿದ್ದು ಅತ್ತಿಯ "ಕೇಳಸಾಕತ್ತೈತೇನ್ರಿ?" ಎಂಬ ಕೂಗು ಇರಬೇಕು. ಆದರೂ ಆ ಕಡೆಯಿಂದ ಅವರು ಅಳುವುದು ನಮಗೆ ಕೇಳಿಸಿತು. ಹೀಗೆಂದು ನನ್ನ ನೆನಪು. ಡೈರಿಯಲ್ಲಿ ಆ ಪುಟ ಖಾಲಿ ಇದೆ. ಜನವರಿಯಲ್ಲಿ, ವೀಸಾ ಮುಗಿಯುವ ಮೊದಲೇ, ಆಕೆ ಹೋದಳು.

ಆದರೆ ನನ್ನ ಬೆನ್ನಿಗೆ ಬಿದ್ದದ್ದು ಹೋಗಲಿಲ್ಲ. ಒಂದು ಸಂಜೆ ಮಿರ್ಚಿ ಗಾಡಿಯ ಹತ್ತಿರ ಅದೇ ಪೊಲೀಸ ಸಿಕ್ಕು, ನೀವು ಮುಂಜಾನೆ ಎಂಟಕ್ಕೆ ಕೂತರೆ ಸಂಜೆಯತನಕ ತಲೆ ಎತ್ತುವುದಿಲ್ಲವಂತಲ್ಲ, ಕಣ್ಣು ಜ್ವಾಕಿ ಎಂದು ಬುದ್ಧಿ ಹೇಳಿದ. ಅಂದಿನಿಂದ ನನಗೆ ಒಂದು ಸಂಶಯ. ಅತ್ತಿ ಆ ಕಾಗದದಲ್ಲಿ, ದುಡಿಯುವವಳು ನನ್ನ ಸೋದರ ಸೊಸೆ, ಅತಿಥಿ ಬರೀ ಕೂತಿರುತ್ತಾಳೆ ಎಂದು ಬರೆದಿರಬೇಕು. ಸುಳ್ಳು ಬರೆಯಲಾರದೆ, ಮೊದಲು ಬರೆದು ಆಮೇಲೆ ಅದನ್ನು ಖರೇ ಮಾಡಿಸಿರಬೇಕು, ಬರೀ ಎರಡೂವರೆ ತಾಸಿನ ಮಟ್ಟಿಗೆ. ಅಥವಾ ಇದೆಲ್ಲ ಆಮೇಲೆ ನಾನೇ ಹೆಣೆದ ಕಥೆಯೋ? ಆ ಒಂದೂವರೆ ಪುಟದಿಂದ ಹಿಡಿದ ಅನುವಾದದ ಚಟವೇ ಈಗ ನನ್ನ ಉದ್ಯೋಗವಾಗಿದೆ. ಅದಕ್ಕೇ ಹಾಗೆ ನಂಬಲು ನನಗೆ ಆಸೆ ಇರಬಹುದು.

ಹೋದ ವಾರ ಅತ್ತಿ ಬೆತ್ತದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದಳು. ಈಗ ಅದು ಆಕೆಯ ಕುರ್ಚಿ. ಎದುರಿಗೆ ಕೂತು ಕೇಳಿದೆ. ಆಕೆ ಪೇಪರ್ ಮಗುಚಿ, ಚಾಳೀಸು ಒರೆಸಿಕೊಂಡು, ಮತ್ತೆ ಓದತೊಡಗಿದಳು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಆ ಕಾಗದದಾಗ ದುಡಿಯಾಕಿ ಯಾರಂತ ಬರದಿದ್ದಿ?"