ನೊರೆಯಕ್ಕ ತುಂಬಿಕೊಡುವ ಲೋಟ

ಬೆಳಕು ಇನ್ನೂ ಕಿಟಕಿಯ ಗಾಜಿಗೆ ತಾಗಿಲ್ಲ. ಅಡುಗೆಮನೆಯ ನೆಲದ ಮೇಲೆ ತೊಳೆದಿಟ್ಟ ದಪ್ಪ ಬಾಟಲಿಗಳು ತಲೆಕೆಳಗಾಗಿ ಸಾಲುಗಟ್ಟಿ ನಿಂತಿವೆ. ಅವುಗಳ ನಡುವೆ ಕುಕ್ಕರಗಾಲಲ್ಲಿ ಕುಳಿತ ಹೆಂಗಸು ಐಸಿನಲ್ಲಿ ಹೂತಿಟ್ಟ ನೀರಿನ ಬಾಟಲಿಯೊಂದನ್ನು ಎತ್ತಿಕೊಳ್ಳುತ್ತಾರೆ. ಮೂಲೆಯಲ್ಲಿರುವ ಸೋಡಾ ಗ್ಯಾಸಿನ ಸಿಲಿಂಡರಿನಿಂದ ಅದಕ್ಕೆ ಗ್ಯಾಸ್ ಬಿಟ್ಟು, ಎಳೆಗೂಸನ್ನು ತೂಗಿದಂತೆ ತೊಡೆಯ ಮೇಲೆ ತೂಗಿ, ಆಮೇಲೆ ಕಿವಿಗೆ ಹಿಡಿದು ಆಲಿಸುತ್ತಾರೆ. ಒಳಗಿನ ಸದ್ದು ಸಣ್ಣಗಾಗಿ ಅಡಗಿದರೆ ನೀರು ಗ್ಯಾಸನ್ನು ಒಪ್ಪಿಕೊಂಡಿದೆ ಎಂದರ್ಥ.

“ನೀರು ತಣ್ಣಗಿದ್ರೆ ಒಳಗೆ ಕರ್ಕೊಳ್ಳುತ್ತೆ. ಬೆಚ್ಚಗಿದ್ರೆ ಬಾಗಿಲಲ್ಲೇ ಮಾತಾಡಿಸಿ ಕಳಿಸಿಬಿಡುತ್ತೆ” ಎನ್ನುತ್ತಾರೆ.

ಬೀದಿಗೆಲ್ಲ ಇವರು ನೊರೆಯಕ್ಕ. ಹೆಸರು ಹಿಡಿದು ಕರೆಯುವುದು ಅತ್ತೆ ಒಬ್ಬರೇ, ಅದೂ ಸಿಟ್ಟು ಬಂದಾಗ. ಸುತ್ತಮುತ್ತ ಎಲ್ಲಿ ಮದುವೆಯಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಹಣ್ಣಿನ ಸೋಡಾ ಹೋಗುವುದು ಈ ಅಡುಗೆಮನೆಯಿಂದ. ಕಪ್ಪು ದ್ರಾಕ್ಷಿ, ಕಿತ್ತಳೆ, ತುಸು ಶುಂಠಿ, ಇದೆಯೋ ಇಲ್ಲವೋ ಎನ್ನುವಷ್ಟು ಉಪ್ಪು. ರಸವನ್ನು ಬಟ್ಟೆಯಲ್ಲಿ ಸೋಸಿ, ಸಕ್ಕರೆ ಪಾಕ ಬೆರೆಸಿ, ಚೆನ್ನಾಗಿ ತಣಿಸಬೇಕು. ಸೋಡಾ ಬಾಟಲಿಯನ್ನು ಓರೆಯಾಗಿ ಹಿಡಿದು, ರಸವನ್ನು ಅದರ ಒಳಮೈಗುಂಟ ಮೆಲ್ಲಗೆ ಇಳಿಸಬೇಕು. ಅವಸರಪಟ್ಟು ನೇರ ಸುರಿದರೆ ಅರ್ಧ ಬಾಟಲಿ ಉಕ್ಕಿ ಮೈಮೇಲೆ. ಕಲಿಯುವ ಕಾಲದಲ್ಲಿ ತನ್ನ ಬಟ್ಟೆಗಳೆಲ್ಲ ದ್ರಾಕ್ಷಿ ಬಣ್ಣಕ್ಕೆ ತಿರುಗಿದ್ದವು ಎಂದು ನಗುತ್ತಾರೆ.

ಇಂದಿನ ಬಾಟಲಿಗಳು ಸಂಜೆಯ ಮದುವೆ ಊಟಕ್ಕೆ. ಮದುಮಗಳ ತಂದೆ ಬಸ್ ಡ್ರೈವರ್. ಕುಡಿತ ಬಿಟ್ಟು ಇನ್ನೂ ವರ್ಷ ತುಂಬಿಲ್ಲ. ಕಳೆದ ವಾರ ಅವರೇ ಬಂದು, ಕುರ್ಚಿಯ ತುದಿಯಲ್ಲಿ ಕುಳಿತು, ಎಲ್ಲರೂ ಮದುಮಕ್ಕಳನ್ನು ಹರಸಿ ಲೋಟ ಎತ್ತುವಾಗ ತಾನೂ ಎತ್ತಬೇಕೆಂಬ ಆಸೆ ಹೇಳಿಕೊಂಡರಂತೆ. ಬರೀ ನೀರು ಹಿಡಿದು ನಿಂತರೆ ನೆಂಟರ ಕಣ್ಣೆಲ್ಲ ತನ್ನ ಮೇಲೇ ಎಂಬ ಸಂಕೋಚ ಬೇರೆ. ಎದ್ದು ಹೊರಟವರು ಹೊಸ್ತಿಲ ಬಳಿ ನಿಂತು ಹೇಳಿದ್ದು ಒಂದೇ ಮಾತು: “ಒಂದು ತೊಟ್ಟು ಹೆಚ್ಚುಕಮ್ಮಿ ಆದ್ರೂ ನನ್ನ ಕತೆ ಮುಗೀತು ತಂಗಿ. ನಿಮ್ಮನ್ನ ನಂಬಿದೀನಿ.”

ನೀರಿನ ಕೆಲಸ ಮುಗಿಸಿ ನೊರೆಯಕ್ಕ ರಸಕ್ಕಾಗಿ ಫ್ರಿಜ್ಜಿನ ಬಾಗಿಲು ತೆರೆಯುತ್ತಾರೆ. ಫ್ರಿಜ್ಜು ಫಳಫಳ ಹೊಳೆಯುತ್ತಿದೆ. ರಸದ ಕ್ಯಾನುಗಳಿಲ್ಲ.

ಅವು ಒಲೆಯ ಪಕ್ಕದಲ್ಲಿವೆ, ಅಚ್ಚುಕಟ್ಟಾಗಿ ಬಟ್ಟೆ ಹೊದ್ದುಕೊಂಡು. ನಿನ್ನೆ ಬೆಳಿಗ್ಗೆ ಸೊಸೆ ಬಾಟಲಿಗಾಗಿ ಅಲೆಯುತ್ತಿದ್ದಾಗ ಅತ್ತೆ ಫ್ರಿಜ್ಜು ಒರೆಸಲು ಎಲ್ಲವನ್ನೂ ಹೊರಗಿಟ್ಟಿದ್ದರು. ನೊಣ ಕೂರದಿರಲೆಂದು ಕ್ಯಾನಿಗೆ ಬಟ್ಟೆ ಹೊದಿಸಿದವರು ಅವನ್ನು ಒಳಗಿಡುವುದನ್ನೇ ಮರೆತಿದ್ದಾರೆ. ಮುಚ್ಚಳ ತಿರುಗಿಸಿದರೆ ‘ಬುಸ್ಸ್’ ಎಂಬ ಸದ್ದು. ಅಂಚಿನಲ್ಲಿ ನಸುಗೆಂಪು ನೊರೆ ಮಲ್ಲಿಗೆ ಮೊಗ್ಗಿನ ಹಾಗೆ ಅರಳುತ್ತದೆ.

ಅತ್ತೆ ಒಂದು ಚಮಚ ಬಾಯಿಗೆ ಹಾಕಿಕೊಂಡು ಹಿಗ್ಗುತ್ತಾರೆ. “ನಾಲಿಗೆಗೆ ಕಚಗುಳಿ ಇಡುತ್ತಲ್ಲೇ. ನಿನ್ನ ಗ್ಯಾಸೂ ಉಳೀತು, ತೂಗೋದೂ ತಪ್ಪಿತು.”

“ಅದೇ ಅತ್ತೆ ತೊಂದರೆ. ಆ ಗುಳ್ಳೆ ನಾನು ಹಾಕಿದ್ದಲ್ಲ.”

ಸೆಕೆಗೆ ರಸ ತಾನಾಗಿಯೇ ಹುಳಿಯಲು ಶುರುವಾಗಿದೆ. ಹುಳಿದು ಎದ್ದ ಗುಳ್ಳೆಯ ಬೆನ್ನಿಗೇ ಅಮಲೂ ಬರುತ್ತದೆ. ಇದು ಮೊದಲ ಹೆಜ್ಜೆ ಅಷ್ಟೇ, ನೂರು ಜನ ಕುಡಿದರೂ ಒಬ್ಬರಿಗೂ ಗೊತ್ತಾಗಲಿಕ್ಕಿಲ್ಲ. ನಿಜ ಹೇಳಬೇಕೆಂದರೆ, ನೊರೆಯಕ್ಕ ಇದುವರೆಗೆ ಮಾಡಿದ್ದಕ್ಕಿಂತ ಇದರ ರುಚಿಯೇ ಒಂದು ಕೈ ಮೇಲು.

ಹೊರಗೆ ಬಾಟಲಿ ಒರೆಸುತ್ತಿದ್ದ ನೊರೆಯಕ್ಕನ ಯಜಮಾನರು ಸದ್ದು ಕೇಳಿ ಬಾಗಿಲಿಗೆ ಬರುತ್ತಾರೆ. ನೊರೆಯಕ್ಕ ತಟ್ಟನೆ ಕ್ಯಾನಿನ ಬಾಯಿಗೆ ಅಂಗೈ ಮುಚ್ಚುತ್ತಾರೆ. “ನೀವು ಹಣ್ಣಿನಂಗಡಿಗೆ ಹೋಗಿ ಬನ್ನಿ, ಇದನ್ನ ನಾನು ನೋಡ್ಕೋತೀನಿ.” ಅವರು ಹೆಂಡತಿಯ ಮುಖವನ್ನೊಮ್ಮೆ ನೋಡಿ ಚಪ್ಪಲಿ ಮೆಟ್ಟುತ್ತಾರೆ.

ಯಜಮಾನರು ಬಡಗಿ. ಒಮ್ಮೆ ಅವರೂ ಕುಡಿತ ಬಿಟ್ಟು, ಎರಡು ವರ್ಷ ಗೆದ್ದಿದ್ದರು. ಯಾರದೋ ಮನೆಯ ಸಂತೋಷಕೂಟದಲ್ಲಿ “ಬರೀ ಹಣ್ಣಿನ ರಸ, ಮನೇಲೇ ಮಾಡಿದ್ದು” ಎಂದು ಲೋಟ ಕೈಗಿತ್ತರು. ಕೊಟ್ಟವರ ಮನಸ್ಸಿನಲ್ಲಿ ಕಪಟವಿರಲಿಲ್ಲ, ರಸ ಮಾತ್ರ ಹುಳಿದಿತ್ತು. ಗಂಟಲಿಳಿದ ಮೇಲೆ ಅವರಿಗೆ ಅಮಲಿನ ಗುರುತು ಸಿಕ್ಕಿತು, ಅಮಲಿಗೂ ಅವರ ಗುರುತು ಸಿಕ್ಕಿತು. ಮತ್ತೆ ಮೇಲೇಳುವುದರಲ್ಲಿ ಸಂಸಾರ ಹಣ್ಣಾಯಿತು. ಆಗ ನೊರೆಯಕ್ಕ ಸೋಡಾ ಕಾರ್ಖಾನೆಯಲ್ಲಿ ಬಾಟಲಿ ತೊಳೆಯುತ್ತಿದ್ದರು. ಅಲ್ಲಿನ ಹಿರಿಯ ಕೆಲಸಗಾರರೊಬ್ಬರು ಊಟದ ಬಿಡುವಿನಲ್ಲಿ ಗ್ಯಾಸ್ ತುಂಬುವುದನ್ನು ಹೇಳಿಕೊಟ್ಟರು. “ಆ ಪುಣ್ಯಾತ್ಮರು ಒಂದು ಮಾತೂ ಬಚ್ಚಿಡಲಿಲ್ಲ. ಈಗಲೂ ಮೊದಲನೇ ಬಾಟಲಿ ತುಂಬುವಾಗ ಅವರನ್ನ ನೆನೆಸ್ಕೋತೀನಿ.”

ಕ್ಯಾನುಗಳು ಒಂದೊಂದಾಗಿ ಬಚ್ಚಲಿಗೆ ಬರಿದಾಗುತ್ತವೆ. ನೆಲವೆಲ್ಲ ಕೆಂಪು. ಅತ್ತೆ ಮೂಲೆಯಲ್ಲಿ ಕುಳಿತು, ಬೈಸಿಕೊಳ್ಳಲು ಕಾದಿದ್ದಾರೆ. ಸೊಸೆ ಬೈಯುವುದಿಲ್ಲ, ಅವರ ಮುಂದೆ ಚಾಕು, ಹಲಗೆ ಇಟ್ಟು, ಕಿತ್ತಳೆ ಬರುತ್ತೆ, ಬೀಜ ಬೀಳದ ಹಾಗೆ ಹೆಚ್ಚಿಕೊಡಿ ಎನ್ನುತ್ತಾರೆ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅತ್ತೆಗೆ ಆಗ ಅಳು ಬರುತ್ತದೆ.

ಯಜಮಾನರ ಹಿಂದೆಯೇ ಹಣ್ಣಿನಂಗಡಿಯಣ್ಣ ದ್ರಾಕ್ಷಿ ಕ್ರೇಟು ಹೊತ್ತು ಬರುತ್ತಾರೆ. ಮನೆಯಲ್ಲಿ ಆನೆಗೀನೆ ಸಾಕಿದ್ದೀಯಾ ಅಕ್ಕ ಎಂದು ಕೇಳುತ್ತಲೇ ಒಳಗೆ ಬಂದವರು, ಬಚ್ಚಲ ಕಡೆ ನೋಡಿ ಕ್ರೇಟು ಕೆಳಗಿಡುತ್ತಾರೆ. ಅಂಗಡಿಗೆ ಮರಳುವುದಿಲ್ಲ. ಅಂಗಿಯ ತೋಳು ಮಡಚಿ, ನೆಲದ ಮೇಲೆ ಕುಳಿತು, ತೊಟ್ಟು ಬಿಡಿಸತೊಡಗುತ್ತಾರೆ. ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಹಣ್ಣು ಹಿಂಡಿ, ಸೋಸಿ, ತಣಿಸುವುದೇ ಕೆಲಸ.

ಸಂಜೆ. ದೀಪ ಹಚ್ಚಿದ ಮದುವೆ ಹಾಲ್‌ನಲ್ಲಿ ಎಲ್ಲರ ಕೈಗೂ ಲೋಟ ಬಂದಿದೆ. ನೊರೆಯಕ್ಕ ಅಲ್ಲಿನ ಅಡುಗೆ ಕೋಣೆಯ ಬಾಗಿಲಿಗೆ ಒರಗಿ ನಿಂತು ಡ್ರೈವರನ್ನೇ ನೋಡುತ್ತಿದ್ದಾರೆ. ಅವರು ಲೋಟವನ್ನು ಮೂಗಿನ ಹತ್ತಿರ ತರುತ್ತಾರೆ, ಅಲ್ಲೇ ನಿಲ್ಲಿಸುತ್ತಾರೆ, ಮಗಳ ಕಡೆ ನೋಡುತ್ತಾರೆ. ಎಲ್ಲರೊಂದಿಗೆ ಲೋಟ ಎತ್ತಿ ಕುಡಿಯುತ್ತಾರೆ.

ಸ್ವಲ್ಪ ಹೊತ್ತಿಗೆ ಡ್ರೈವರ್ ಜನರ ನಡುವೆ ದಾರಿ ಬಿಡಿಸಿಕೊಂಡು ಅಡುಗೆ ಕೋಣೆಯ ಬಾಗಿಲಿಗೇ ಬರುತ್ತಾರೆ. ಬರಿದಾದ ಲೋಟ ಮುಂದೆ ಚಾಚುತ್ತಾರೆ.

“ಇನ್ನೊಂದು ಕೊಡಿ ತಂಗಿ.”

ನೊರೆಯಕ್ಕ ಬಾಟಲಿ ಓರೆ ಹಿಡಿದು, ಅವಸರವಿಲ್ಲದೆ ತುಂಬಿಕೊಡುತ್ತಾರೆ. ಬಚ್ಚಲಿಗೆ ಹೋದ ರಸದ ಬಗ್ಗೆ ಒಂದಕ್ಷರ ಆಡುವುದಿಲ್ಲ. ಡ್ರೈವರ್ ಮಗಳ ಬಳಿಗೆ ಮರಳಿದ ಮೇಲೆ ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾರೆ.

“ಕುಡಿತ ಬಿಟ್ಟವರು ‘ಇನ್ನೊಂದು’ ಅನ್ನೋ ಮಾತಿಗೇ ಹೆದರ್ತಾರೆ. ನಮ್ಮ ಮನೆಯವರೂ ಹಾಗೇ ಇದ್ರು. ಇವತ್ತು ಇವರು ಹೆದರದೆ ಕೇಳಿದ್ರಲ್ಲ, ನನಗೆ ಅಷ್ಟು ಸಾಕು.”